ಭಯೋತ್ಪಾದಕನ ಸಾವು: ನಿಟ್ಟುಸಿರೋ, ಸಂಭ್ರಮವೋ?

ಬೆಂಗಳೂರಿನಿಂದ ಕನಕಪುರದ ಕಡೆಗೆ ಹೊರಟವರಿಗೆ ಕೋಣನಕುಂಟೆ ಕ್ರಾಸ್ ಚಿರಪರಿಚಿತ ಸ್ಥಳ. 2021ರ ಜನವರಿಯಿಂದ ಅಲ್ಲೊಂದು ಮೆಟ್ರೊ ನಿಲ್ದಾಣವೂ ಇದೆ. ಕನಕಪುರದ ಕಡೆಯಿಂದ ನಗರದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಆ ಹೆಸರನ್ನು ದಿನವೂ ಕೇಳುತ್ತಾರೆ. 1991ರ ಆಗಸ್ಟ್ ತಿಂಗಳಿನಲ್ಲಿ ಇಡೀ ದೇಶವೇ ಉಸಿರು ಬಿಗಿಹಿಡಿದು ಆ ಹೆಸರನ್ನು ಕೇಳಿತ್ತು ಎಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆ.

ಆ ವರ್ಷದ ಮೇ 21ರ ರಾತ್ರಿ ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ಚುನಾವಣಾ ಸಭೆಗೆ ಬಂದಿದ್ದ ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರನ್ನು ಧನು ಎಂಬ ಯುವತಿ ಮೈಗೆ ಕಟ್ಟಿಕೊಂಡಿದ್ದ ಬಾಂಬು ಸಿಡಿಸಿ ಕೊಂದಳು. ಕಾವಲಿಗಿದ್ದ ಪೊಲೀಸರು, ಸಭೆಗೆ ಬಂದವರು ಸೇರಿ ಇನ್ನೂ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲೊಬ್ಬ ಹರಿಬಾಬು ಎಂಬ ಛಾಯಾಗ್ರಾಹಕ. ಅವನ ಕ್ಯಾಮೆರಾ ಮಾತ್ರ ಉಳಿದಿತ್ತು. ಅದರಲ್ಲಿದ್ದ ಚಿತ್ರಗಳ ಜಾಡು ಹಿಡಿದು ಡಿ.ಆರ್. ಕಾರ್ತಿಕೇಯನ್ ನೇತೃತ್ವದ ವಿಶೇಷ ತನಿಖಾ ತಂಡ ಎಲ್.ಟಿ.ಟಿ.ಇ. ಸಂಘಟನೆಯ ಶಿವರಾಸನ್‌ನತ್ತ ತಲುಪಿತು. ಹತ್ಯೆಯ ಸಂಚನ್ನು ಭಾರತದ ನೆಲದಲ್ಲಿ ನಡೆಸಿದ ತಂಡದ ಮುಖ್ಯಸ್ಥ ಆತನೇ. ಒಂದು ಕಣ್ಣು ಕಳೆದುಕೊಂಡಿದ್ದ ಅವನ ಭಾವಚಿತ್ರ ಆ ಮೂರು ತಿಂಗಳು ನಾಡಿನ ಎಲ್ಲ ಪತ್ರಿಕೆಗಳಲ್ಲಿಯೂ ಇತ್ತು.

ಅಡಗಲು ಅವನು ಬಂದದ್ದು ಕರ್ನಾಟಕಕ್ಕೆ. ಅದೇ ಸಂಘಟನೆಯ ಗಾಯಾಳುಗಳು ಮಂಡ್ಯ ಜಿಲ್ಲೆಯ ಮುತ್ತತ್ತಿಯ ಕಡೆ ಅಡಗಿದ್ದರು. ಪೊಲೀಸರು ಸುತ್ತುವರಿದಾಗ ಅವರಲ್ಲಿ ಹಲವರು ಕೊರಳಲ್ಲಿದ್ದ ಸೈನೈಡ್ ಕಚ್ಚಿ ಪ್ರಾಣ ಬಿಟ್ಟರು. ಕೋಣನಕುಂಟೆ ಆಗ ಇನ್ನೂ ನಗರದ ಹೊರವಲಯ. ಅಲ್ಲಿನ ಬಾಡಿಗೆ ಮನೆಯೊಂದರಲ್ಲಿ ಶಿವರಾಸನ್ ಇದ್ದಾನೆಂದು ತಿಳಿದ ಮೇಲೆ ಪೊಲೀಸರು ಒಂದು ದಿನಕ್ಕೂ ಮಿಕ್ಕಿ ಸುತ್ತ ಕಾವಲಿದ್ದರು. ಅವನನ್ನು ಜೀವಂತವಾಗಿ ಹಿಡಿಯಬೇಕೆಂಬುದೇ ಎಲ್ಲರ ಹಂಬಲ. ಆಗಸ್ಟ್ 20ರ ಮುಂಜಾನೆ ಕಮಾಂಡೊಗಳು ಒಳನುಗ್ಗಿದಾಗ ಸಿಕ್ಕಿದ್ದು ಏಳು ಶವಗಳು. ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ. ಆ ದಿನ ರಾಜೀವ್ ಗಾಂಧಿಯವರ ಜನ್ಮದಿನವೂ ಹೌದು.

ಇಂತಹ ಸುದ್ದಿ ಬಂದಾಗ ಪಟಾಕಿ ಹಚ್ಚಬೇಕೆ? ಸಿಹಿ ಹಂಚಬೇಕೆ? ಚರ್ಚಾಸ್ಪರ್ಧೆಗಳಲ್ಲಿ ಆಗಾಗ ಏಳುವ ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ಬರುತ್ತವೆ. ರಾಕ್ಷಸ ಸತ್ತ, ಹಬ್ಬ ಮಾಡೋಣ ಎಂಬುದು ಒಂದು. ಯಾರ ಸಾವಿಗೂ ಸಂತೋಷಪಡಬಾರದು ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವುದು ಸುಲಭ, ಅದರಲ್ಲೂ ಮನೆಯವರನ್ನು ಕಳೆದುಕೊಳ್ಳದವರಿಗೆ ಬಹಳ ಸುಲಭ. ಶ್ರೀಪೆರಂಬುದೂರಿನಲ್ಲಿ ಸತ್ತ ಪೊಲೀಸನ ಹೆಂಡತಿ ಆ ಬೆಳಗ್ಗೆ ‘ಸದ್ಯ, ಮುಗಿಯಿತು’ ಎಂದುಕೊಂಡಿದ್ದರೆ ಅದನ್ನು ತಪ್ಪೆನ್ನಲು ನಮಗೇನು ಅಧಿಕಾರ? ಭಯ ಹೋದಾಗ ಮನಸ್ಸು ಹಗುರಾಗುವುದು ಸಹಜ. ಆದರೆ ಆ ನಿಟ್ಟುಸಿರಿಗೂ ಬೀದಿಯ ಸಂಭ್ರಮಕ್ಕೂ ನಡುವೆ ಒಂದು ಅಂತರವಿದೆ. ನಾವು ನೋಡಬೇಕಾದದ್ದು ಅದನ್ನು.

ಮೊದಲು ಕೋಣನಕುಂಟೆಯನ್ನೇ ತೆಗೆದುಕೊಳ್ಳೋಣ. ಅಂದು ನಿಜವಾಗಿ ನಷ್ಟವಾದದ್ದು ಯಾರಿಗೆ? ತನಿಖೆಗೆ. ಆಜ್ಞೆ ಯಾರಿಂದ ಬಂತು, ಯಾವಾಗ ಬಂತು, ನೆರವಾದವರು ಯಾರು ಎಂಬುದಕ್ಕೆಲ್ಲ ಬಾಯಿಬಿಟ್ಟು ಉತ್ತರ ಹೇಳಬಲ್ಲವನು ಶವವಾಗಿದ್ದ. ವಿಶೇಷ ನ್ಯಾಯಾಲಯ 1998ರ ಜನವರಿಯಲ್ಲಿ 26 ಮಂದಿಗೂ ಮರಣದಂಡನೆ ವಿಧಿಸಿತು. 1999ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಾಲ್ವರಿಗೆ ಮಾತ್ರ ಉಳಿಸಿ, ಮೂವರಿಗೆ ಜೀವಾವಧಿ ಶಿಕ್ಷೆ ನೀಡಿ, ಉಳಿದ 19 ಮಂದಿಯನ್ನು ಬಿಡುಗಡೆ ಮಾಡಿತು. ಆ ಏಳು ಮಂದಿಯೂ 2022ರ ಹೊತ್ತಿಗೆ ಸೆರೆಯಿಂದ ಹೊರಬಂದರು. ಮುಖ್ಯ ಆರೋಪಿಗಳಾದ ಪ್ರಭಾಕರನ್ ಮತ್ತು ಪೊಟ್ಟು ಅಮ್ಮನ್ ಕಟಕಟೆಗೆ ಬರಲೇ ಇಲ್ಲ. ಸಂಚಿನ ಪೂರ್ಣ ಸ್ವರೂಪ ತಿಳಿಯಲು 1998ರಲ್ಲಿ ರಚಿಸಿದ ಇನ್ನೊಂದು ತನಿಖಾ ಸಂಸ್ಥೆ ಎರಡು ದಶಕಕ್ಕೂ ಹೆಚ್ಚು ಕಾಲ ಹುಡುಕಾಟ ನಡೆಸಬೇಕಾಯಿತು.

ಇದಕ್ಕೆ ಪ್ರತಿಯಾಗಿ 2008ರ ನವೆಂಬರ್‌ನಲ್ಲಿ ಮುಂಬಯಿಯಲ್ಲಿ ನಡೆದುದನ್ನು ನೆನೆಯಿರಿ. ತುಕಾರಾಮ್ ಓಂಬಳೆ ಎಂಬ ಪೊಲೀಸ್ ಅಧಿಕಾರಿ ಎದೆಗೆ ಗುಂಡು ಬೀಳುತ್ತಿದ್ದರೂ ಅಜ್ಮಲ್ ಕಸಬ್‌ನ ಬಂದೂಕನ್ನು ಬಿಡಲಿಲ್ಲ. ಅವರು ಸತ್ತರು, ಅವನು ಜೀವಂತ ಸಿಕ್ಕ. ತರಬೇತಿ ಎಲ್ಲಿ ನಡೆಯಿತು, ಕಳಿಸಿದವರು ಯಾರು ಎಂಬುದು ಜಗತ್ತಿಗೆ ಗೊತ್ತಾದದ್ದರಲ್ಲಿ ಆ ಒಂದು ಹಿಡಿತದ ಪಾಲು ದೊಡ್ಡದು. 2012ರ ನವೆಂಬರ್ 21ರಂದು ಕಸಬ್‌ನಿಗೆ ಗಲ್ಲಾದಾಗ ಹಲವೆಡೆ ಪಟಾಕಿ ಸಿಡಿದವು. ದೇಶಕ್ಕೆ ನಿಜವಾಗಿ ಲಾಭವಾದದ್ದು ಅವನು ಬದುಕಿ ಸಿಕ್ಕ ರಾತ್ರಿ. ಆ ರಾತ್ರಿ ಯಾರೂ ಪಟಾಕಿ ಹಚ್ಚಿರಲಿಲ್ಲ.

ಇಲ್ಲಿ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ‘ನರಕಾಸುರನನ್ನು ಕೊಂದ ದಿನ ನಾವು ಎಣ್ಣೆ ಸ್ನಾನ ಮಾಡುವುದಿಲ್ಲವೆ? ನಾಡಹಬ್ಬ ದಸರಾ ಮಹಿಷನ ವಧೆಯದಲ್ಲವೆ?’ ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ನರಕನ ಕಥೆಯಲ್ಲಿ ಸೆರೆಯಿಂದ ಬಿಡುಗಡೆಯಾಗುವ ಹದಿನಾರು ಸಾವಿರ ಸ್ತ್ರೀಯರಿದ್ದಾರೆ. ದೀಪ ಅವರ ಬಾಗಿಲಿಗೂ ಹೌದು. ಅದೇ ದೀಪಾವಳಿಯ ಪಾಡ್ಯದಂದು ನಮ್ಮ ರೈತರು ಸೋತು ಪಾತಾಳಕ್ಕೆ ಹೋದ ಬಲೀಂದ್ರನನ್ನು ಮನೆಗೆ ಕರೆದು ಪೂಜಿಸುತ್ತಾರೆ. ಒಂದೇ ಹಬ್ಬದೊಳಗೆ ವಧೆಯೂ ಉಂಟು, ಸೋತವನಿಗೆ ಮಣೆಯೂ ಉಂಟು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ರಣರಂಗದಲ್ಲಿ ಶತ್ರುವಿನ ಮಗ ಅಭಿಮನ್ಯುವನ್ನು ನೆನೆದು ಅವನ ಶೌರ್ಯವನ್ನು ಹೊಗಳುತ್ತಾನೆ. ಸಭೆಯಲ್ಲಿ ಗಂಧದ ಹಾರದ ನೆಪದಲ್ಲಿ ಬಾಂಬು ಸಿಡಿಸಿದವರನ್ನು ಅಭಿಮನ್ಯುವಿಗೆ ಹೋಲಿಸುವುದು ಖಂಡಿತ ಸಲ್ಲದು. ಸತ್ತ ಶತ್ರುವಿನ ಮುಂದೆ ಕುಣಿಯುವುದೊಂದೇ ನಮ್ಮ ಪರಂಪರೆಯಲ್ಲ ಎಂದಷ್ಟೇ ಇದರ ತಾತ್ಪರ್ಯ.

ಪುರಾಣ, ಕಾವ್ಯಗಳನ್ನು ಬಿಟ್ಟು ಕಲ್ಲಿನ ದಾಖಲೆಗಳಿಗೆ ಬರೋಣ. ರಾಜರ ಪ್ರಶಸ್ತಿಗಳಲ್ಲಿ ಶತ್ರುಗಳ ತಲೆ ಕಡಿದ ಬಣ್ಣನೆ ಬೇಕಾದಷ್ಟಿದೆ, ಅದನ್ನು ಮುಚ್ಚಿಡಬೇಕಿಲ್ಲ. ಊರವರು ನಿಲ್ಲಿಸಿದ ವೀರಗಲ್ಲುಗಳನ್ನು ನೋಡಿ. ತುರು ಕಾಯಲು, ಊರು ಕಾಯಲು ಹೋಗಿ ಮಡಿದವನು ಅಲ್ಲಿ ನಾಯಕ. ಕೆಳಗೆ ಹೋರಾಟ, ನಡುವೆ ಅವನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕೊಲೆಯಾದ ಕಳ್ಳನ ಹೆಸರು ಎಷ್ಟೋ ಕಲ್ಲುಗಳಲ್ಲಿ ಇರುವುದೇ ಇಲ್ಲ.

ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮದ ಶಾಸನವೂ ಈ ಸಂದರ್ಭದಲ್ಲಿ ಸ್ಮರಣೀಯ. ಅದು ಭಯೋತ್ಪಾದನೆಯ ಕಥೆಯಲ್ಲ, ಎರಡು ಮತದವರ ಜಗಳದ ಕಥೆ. ಆದರೂ ಹಿಂಸೆಯ ಮರುದಿನ ಆಳುವವರು ಏನು ಮಾಡಬೇಕೆಂಬುದನ್ನು ಅಲ್ಲಿ ಕಾಣಬಹುದು. ತಮಗೆ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. 1368ರಲ್ಲಿ ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಈ ಶಾಸನ ಶ್ರವಣಬೆಳಗೊಳದಲ್ಲಿಯೂ ಇದೆ. ಅಲ್ಲಿನ ಪಾಠದಲ್ಲಿ ಮುಂದಿನ ವ್ಯವಸ್ಥೆಯೂ ಉಂಟು: ಜೈನರ ಮನೆಗೊಂದು ಹಣ ಎತ್ತಿ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳುಗಳನ್ನು ನೇಮಿಸುವುದು, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸುವುದು. ಗೆದ್ದವರು ಯಾರು ಎಂಬ ಮಾತಿಲ್ಲ. ಕಾವಲು ಮತ್ತು ಸುಣ್ಣದ ಲೆಕ್ಕವಿದೆ.

ಸಂಭ್ರಮದಲ್ಲಿ ಮರೆಯಾಗುವುದು ಈ ಲೆಕ್ಕವೇ. 2009ರ ಮೇ ತಿಂಗಳಿನಲ್ಲಿ ಪ್ರಭಾಕರನ್ ಸತ್ತ ಸುದ್ದಿ ಬಂದಾಗ ಕೊಲಂಬೊ ಬೀದಿಗಳಲ್ಲಿ ಜನ ಕುಣಿದರು, ಹಾಲನ್ನ ಹಂಚಿದರು. ಅವನ ಬಾಂಬುಗಳಿಗೆ ದಶಕಗಳ ಕಾಲ ಬೆದರಿದ್ದ ಊರು ಅದು; ಆ ಸಂತೋಷ ಅರ್ಥವಾಗುವಂಥದೇ. ಆದರೆ ಅದೇ ವಾರಗಳಲ್ಲಿ ಈಶಾನ್ಯ ಕರಾವಳಿಯ ಮರಳಿನಲ್ಲಿ ಸಿಕ್ಕಿಬಿದ್ದ ಸಾವಿರಾರು ತಮಿಳು ನಾಗರಿಕರು ಸತ್ತಿದ್ದರು. ಅವರ ಬಂಧುಗಳಿಗೆ ಆ ಹಾಲನ್ನ ಗಂಟಲಲ್ಲಿ ಇಳಿಯುವುದು ಹೇಗೆ?

ನಮ್ಮ ಮನೆಯ ಉದಾಹರಣೆ ವೀರಪ್ಪನ್. ಅವನು ಕಾಡುಗಳ್ಳ, ಆದರೆ ಅವನ ಗುಂಪಿನ ಮೇಲೆ ಭಯೋತ್ಪಾದನೆ ತಡೆಯುವ ಟಾಡಾ ಕಾಯಿದೆಯಡಿಯೇ ಮೊಕದ್ದಮೆಗಳು ನಡೆದವು. 1993ರ ಪಾಲಾರ್ ಸ್ಫೋಟವೊಂದರಲ್ಲೇ 22 ಮಂದಿ ಸತ್ತಿದ್ದರು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯಲ್ಲಿ ತಮಿಳುನಾಡು ಕಾರ್ಯಪಡೆ ಅವನನ್ನು ಕೊಂದಾಗ ಎರಡು ರಾಜ್ಯಗಳಿಗೂ ದೊಡ್ಡ ನೆಮ್ಮದಿ. ಬಹುಮಾನಗಳ ಘೋಷಣೆಯೂ ಆಯಿತು. ಆದರೆ ಅವನ ಬೇಟೆಯ ಹೆಸರಿನಲ್ಲಿ ಕಾಡಂಚಿನ ಬಡವರು ಅನುಭವಿಸಿದ ಚಿತ್ರಹಿಂಸೆಯ ವಿಚಾರಣೆ ಅವನೊಂದಿಗೆ ಮುಗಿಯಲಿಲ್ಲ. ನ್ಯಾಯಮೂರ್ತಿ ಸದಾಶಿವ ಸಮಿತಿಯ ವರದಿಯ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಪರಿಹಾರ ಕೊಡಲು ಹೇಳಿತು. ಬಹುಮಾನದ ಸುದ್ದಿಯಷ್ಟು ದೊಡ್ಡ ಅಕ್ಷರಗಳಲ್ಲಿ ಇದು ಯಾರ ಮನಸ್ಸಿನಲ್ಲೂ ಉಳಿದಿಲ್ಲ.

1992ರಲ್ಲಿ ವೀರಪ್ಪನ್ ಗುಂಪಿಗೆ ಬಲಿಯಾದ ಸಬ್‌ಇನ್‌ಸ್ಪೆಕ್ಟರ್ ಷಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಮಾಡಿದ್ದನ್ನೂ ಇಲ್ಲಿ ಹೇಳಬೇಕು. 2000ನೇ ಇಸವಿಯಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾದಾಗ, ಸೆರೆಯಲ್ಲಿದ್ದ ಟಾಡಾ ಆರೋಪಿಗಳ ಬಿಡುಗಡೆಗೆ ದಾರಿ ಮಾಡಲು ಸರ್ಕಾರ ಮೊಕದ್ದಮೆ ಹಿಂತೆಗೆಯಲು ಹೊರಟಿತು. ನಾಡೆಲ್ಲ ಅಣ್ಣಾವ್ರ ಬಿಡುಗಡೆಗೆ ಹರಕೆ ಹೊತ್ತಿದ್ದ ದಿನಗಳವು. ಆ ವೃದ್ಧರು ಒಬ್ಬರೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ವಿಚಾರಣೆ ನಿಲ್ಲಬಾರದೆಂದು ಕೇಳಿದರು. ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಅದಾದ ಕೆಲವು ದಿನಗಳಲ್ಲಿ ರಾಜ್‌ಕುಮಾರ್ ಕೂಡ ಸುರಕ್ಷಿತವಾಗಿ ಮನೆಗೆ ಮರಳಿದರು.

ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲಿ ಒಂದು ಮಾರಿಯಮ್ಮನ ಗುಡಿಯಿದೆ. ಅದನ್ನು ಕಟ್ಟಿಸಿದವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಶರಣಾಗುತ್ತೇನೆಂಬ ಮಾತು ನಂಬಿ ಶಸ್ತ್ರವಿಲ್ಲದೆ ಹೋಗಿದ್ದ ಅವರನ್ನು 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೊಂದ. ಊರಿನವರು ಗುಡಿಯಲ್ಲಿ ಇರಿಸಿಕೊಂಡಿರುವುದು ಶ್ರೀನಿವಾಸರ ಭಾವಚಿತ್ರವನ್ನು.