ದೋಣಿ, ಗಾಳ, ಹಕ್ಕಿ: ಕೇರಳದಲ್ಲಿ ಯಾವುದಕ್ಕೆ ಯಾವ ನೀರು?

ತಿರುವನಂತಪುರ, ಕೊಚ್ಚಿ ಕಡೆ ಪ್ರವಾಸ ಹೊರಟವರಿಗೆ ದೋಣಿಯಲ್ಲಿ ಸುತ್ತುವ, ಮೀನು ಹಿಡಿಯುವ, ಕಾಡುಪ್ರಾಣಿ ನೋಡುವ ಆಸೆ ಮೂರೂ ಇರುತ್ತವೆ. ಇವು ಮೂರೂ ಒಂದೇ ಜಾಗದಲ್ಲಿ ಕೈಗೂಡುವುದಿಲ್ಲ. ವನ್ಯಧಾಮದ ನೀರಿನಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾಗಾಗಿ ಏನು ಬೇಕೆಂದು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕ ನೀರನ್ನು ಆರಿಸಿಕೊಳ್ಳಬೇಕು.

ದೋಣಿ ಮತ್ತು ಪ್ರಾಣಿ: ನೆಯ್ಯಾರ್

ತಿರುವನಂತಪುರದಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಕಾಟ್ಟಾಕಡದ ಆಚೆ ನೆಯ್ಯಾರ್ ಅಣೆಕಟ್ಟು ಇದೆ. ಅದರ ಹಿನ್ನೀರನ್ನು ಸುತ್ತುವರಿದ 128 ಚದರ ಕಿ.ಮೀ. ಕಾಡು 1958ರಿಂದ ವನ್ಯಧಾಮ. ಅಗಸ್ತ್ಯಮಲೆಯ ತಪ್ಪಲಿನ ಈ ಕಾಡಿನಲ್ಲಿ ಆನೆ, ಕಾಟಿ, ಕಡವೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದು ದಡ ತೆರೆದುಕೊಂಡಾಗ ಪ್ರಾಣಿಗಳು ಕುಡಿಯಲು ಅಲ್ಲಿಗೆ ಬರುತ್ತವೆ. ಬೆಳಗ್ಗೆ ಅಥವಾ ಸಂಜೆ ಹೊತ್ತು ಕಾಣುವ ಸಂಭವ ಹೆಚ್ಚು. ಈ ಜಲಾಶಯದಲ್ಲಿ ಮೊಸಳೆಗಳಿವೆ, ಜನರ ಮೇಲೆ ದಾಳಿಯೂ ನಡೆದಿದೆ. ನೀರಿಗಿಳಿಯಬೇಡಿ, ದೋಣಿಯಿಂದ ಕೈಯನ್ನೂ ಚಾಚಬೇಡಿ.

ಹಕ್ಕಿ: ತಟ್ಟೇಕ್ಕಾಡ್

ಕೊಚ್ಚಿಯಿಂದ ಕೋತಮಂಗಲಂ ದಾರಿಯಲ್ಲಿ ಸುಮಾರು 60 ಕಿ.ಮೀ. ಹೋದರೆ ಪೆರಿಯಾರ್ ದಡದ ತಟ್ಟೇಕ್ಕಾಡ್. ಪಕ್ಷಿತಜ್ಞ ಸಲೀಂ ಅಲಿ 1930ರ ದಶಕದಲ್ಲಿ ತಿರುವಾಂಕೂರಿನ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಗುರುತಿಸಿದ ಜಾಗವಿದು. 1983ರಲ್ಲಿ ಪಕ್ಷಿಧಾಮವಾಯಿತು; ಆಗ ವಿಸ್ತೀರ್ಣ ಸುಮಾರು 25 ಚದರ ಕಿ.ಮೀ. ಒಣಗಿದ ಎಲೆಯಂತೆ ಕೊಂಬೆಗೆ ಅಂಟಿ ಕೂರುವ ಕಪ್ಪೆಬಾಯಿ ಹಕ್ಕಿಯನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ಹೊಸಬರ ಕಣ್ಣಿಗೆ ಅದು ಬೀಳುವುದು ಕಷ್ಟ, ಸ್ಥಳೀಯ ಮಾರ್ಗದರ್ಶಿ ಜತೆಗಿರಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳೂ ಸಿಗುತ್ತವೆ.

ಗಾಳ: ಞಾರಕ್ಕಲ್

ಎರ್ನಾಕುಲಂನಿಂದ ಗೋಶ್ರೀ ಸೇತುವೆಗಳನ್ನು ದಾಟಿದರೆ ವೈಪಿನ್ ದ್ವೀಪ. ಅಲ್ಲಿನ ಞಾರಕ್ಕಲ್‌ನಲ್ಲಿ ಮೀನುಗಾರರ ಸಹಕಾರ ಸಂಘಗಳ ರಾಜ್ಯ ಒಕ್ಕೂಟವಾದ ಮತ್ಸ್ಯಫೆಡ್‌ನ ಮೀನು ಸಾಕಣೆ ಕೇಂದ್ರವಿದೆ. ಈ ಕರಾವಳಿಯ ಸಾಕಣೆ ಹೊಂಡಗಳಿಗೆ ಉಬ್ಬರದ ಹೊತ್ತಿನಲ್ಲಿ ತೂಬಿನ ಮೂಲಕ ಉಪ್ಪುನೀರು ಬರುತ್ತದೆ, ಇಳಿತದಲ್ಲಿ ಹೊರಹೋಗುತ್ತದೆ. ಮೀನು ಬೆಳೆಸಿದ್ದೇ ಹಿಡಿಯಲೆಂದು, ಆದ್ದರಿಂದ ಇಲ್ಲಿ ಗಾಳಕ್ಕೆ ಅಡ್ಡಿಯಿಲ್ಲ. ಪೆಡಲ್ ದೋಣಿಯೂ ಮೀನೂಟವೂ ಉಂಟು. ಹಿಡಿದ ಮೀನನ್ನು ಕೊಳ್ಳಬೇಕೋ ಬಿಡಬೇಕೋ ಎಂದು ಗಾಳ ಹಾಕುವ ಮೊದಲೇ ಕೇಳಿಕೊಳ್ಳಿ.

ಹತ್ತುವ ಮುನ್ನ

2007ರ ಫೆಬ್ರವರಿಯಲ್ಲಿ ತಟ್ಟೇಕ್ಕಾಡ್‌ನಲ್ಲಿ ದೋಣಿ ಮುಳುಗಿ ಶಾಲಾ ಪ್ರವಾಸಕ್ಕೆ ಬಂದಿದ್ದ 15 ಮಕ್ಕಳು, 3 ಶಿಕ್ಷಕರು ತೀರಿಕೊಂಡರು. 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ ಹೀಗೆಯೇ ದೋಣಿ ಮುಳುಗಿ 22 ಮಂದಿ ಸತ್ತರು. ಎರಡೂ ಕಡೆ ದೋಣಿಯಲ್ಲಿ ಮಿತಿಮೀರಿ ಜನ ತುಂಬಿದ್ದರು. ಎಷ್ಟು ಜನರಿಗೆ ಪರವಾನಗಿ ಇದೆ ಎಂದು ಕೇಳಿ. ಲೈಫ್ ಜಾಕೆಟನ್ನು ನೀವೂ ತೊಟ್ಟು ಮಕ್ಕಳಿಗೂ ಬಿಗಿಯಾಗಿ ಕಟ್ಟಿ. ಕೊಡದಿದ್ದರೆ, ಅಥವಾ ಜನ ಹೆಚ್ಚಾಗಿದ್ದರೆ, ಟಿಕೆಟ್ ಹಣ ಹೋದರೂ ಸರಿ, ಆ ದೋಣಿ ಹತ್ತಬೇಡಿ.