ಹಲ್ಲು ಸರಿಸುವುದು ತಂತಿಯ ಆಕಾರ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳಿರುವ ಮನೆಗಳಲ್ಲಿ ತಿಂಗಳಿಗೊಮ್ಮೆ ಒಂದು ಮಾತು ಕೇಳಿಸುತ್ತದೆ: ‘ಇವತ್ತು ಟೈಟ್ ಮಾಡಿಸ್ಕೊಂಡು ಬಂದ್ವಿ.’ ನಮ್ಮ ಮನೆಯಲ್ಲೂ ಎರಡು ವರ್ಷ ಇದೇ ಮಾತು ನಡೆಯಿತು. ಮಗಳಿಗೆ ಆಗ ಹದಿಮೂರು. ಮೇಲಿನ ಒಂದು ಕೋರೆಹಲ್ಲು ಸಾಲಿಗೆ ಬಾರದೆ ವಸಡಿನ ಎತ್ತರದಲ್ಲೇ ಮೂಡಿ ನಿಂತಿತ್ತು. ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಮೊದಲ ದಿನ ಡಾಕ್ಟರು ಹಾಕಿದ ತಂತಿ ಹೊಲಿಗೆ ಸೂಜಿಗಿಂತಲೂ ತೆಳ್ಳಗಿತ್ತು. ಅದೂ ಆ ಕೋರೆಹಲ್ಲನ್ನು ಬಿಟ್ಟು ಉಳಿದವಕ್ಕೆ ಮಾತ್ರ. ‘ಸ್ವಲ್ಪ ಗಟ್ಟಿಯಾದದ್ದೇ ಹಾಕಿಬಿಡಿ ಡಾಕ್ಟ್ರೇ, ಬೇಗ ಮುಗೀಲಿ’ ಅಂದೆ. ‘ಗಟ್ಟಿ ಹಾಕಿದ್ರೆ ಹಲ್ಲು ನಿಂತುಬಿಡುತ್ತೆ ಮೇಡಂ’ ಎಂದರು ಅವರು.

ಆ ಮಾತು ಪೂರ್ತಿ ಅರ್ಥವಾಗಬೇಕಾದರೆ ನಾನು ಆ ತಂತಿಯ ಬೆನ್ನು ಹತ್ತಬೇಕಾಯಿತು.

ಮೊದಲಿಗೆ ತಿಳಿದದ್ದು, ಅಲ್ಲಿ ಬಿಗಿಮಾಡುವ ತಿರುಪು ಯಾವುದೂ ಇಲ್ಲ ಎಂಬುದು. ಪ್ರತಿ ಹಲ್ಲಿಗೂ ಅಂಟಿಸಿದ ಬ್ರಾಕೆಟ್ಟಿನ ನಡುವೆ ಒಂದು ಸಣ್ಣ ಗಾಡಿ, ಅಂದರೆ ಸೀಳು, ಇರುತ್ತದೆ. ತಂತಿ ಅದರೊಳಗೆ ಕೂರುತ್ತದೆ, ಬಣ್ಣದ ರಬ್ಬರ್ ಉಂಗುರ ಅದನ್ನು ಹೊರಬರದಂತೆ ಹಿಡಿದಿರುತ್ತದೆ. ಹಲ್ಲುಗಳು ಹಿಂದೆ ಮುಂದೆ, ಮೇಲೆ ಕೆಳಗೆ ಇದ್ದರೂ ತಂತಿ ಮಾತ್ರ ನುಣುಪಾದ ಒಂದು ಕಮಾನು. ಎಲ್ಲ ಗಾಡಿಗಳಲ್ಲೂ ಕೂರಿಸಬೇಕಾದರೆ ಅದನ್ನು ಅಲ್ಲಲ್ಲಿ ಬಗ್ಗಿಸಲೇಬೇಕು. ಬಗ್ಗಿದ ತಂತಿ ತನ್ನ ಮೂಲ ಆಕಾರಕ್ಕೆ ಮರಳಲು ಹವಣಿಸುತ್ತದೆ, ಮರಳುತ್ತಾ ಹಲ್ಲನ್ನೂ ಜೊತೆಗೆ ಕರೆದೊಯ್ಯುತ್ತದೆ. ತಿಂಗಳಿಗೊಮ್ಮೆ ಡಾಕ್ಟರು ಮಾಡುವುದು ತಂತಿ ಬದಲಿಸುವುದು, ಇಲ್ಲವೇ ಅದನ್ನೇ ಹೊಸದಾಗಿ ಕಟ್ಟುವುದು. ಹಲ್ಲಿನ ಮೇಲೆ ಎಷ್ಟು ಬಲ ಬೀಳಬೇಕು ಎಂಬುದನ್ನು ತಂತಿಯ ಲೋಹ, ದಪ್ಪ, ದುಂಡೋ ಚೌಕವೋ ಎಂಬುದು, ಎರಡು ಬ್ರಾಕೆಟ್ಟುಗಳ ನಡುವಿನ ಉದ್ದ, ಕಮಾನಿನ ಅಗಲ, ಇವೆಲ್ಲ ಸೇರಿ ಮೊದಲೇ ತೀರ್ಮಾನಿಸಿರುತ್ತವೆ.

ತಂತಿಯ ಪೊಟ್ಟಣದ ಮೇಲೆ 014, 016, 018 ಎಂದು ಬರೆದಿರುತ್ತದೆ. ಇಂಚಿನ ಸಾವಿರದ ಭಾಗಗಳ ಲೆಕ್ಕ ಅದು. 014 ಎಂದರೆ 0.014 ಇಂಚು, ಅಂದರೆ ಸುಮಾರು 0.36 ಮಿಲಿಮೀಟರ್. 014ಕ್ಕೂ 016ಕ್ಕೂ ಇರುವ ವ್ಯತ್ಯಾಸ ಒಂದು ತಲೆಗೂದಲಿನಷ್ಟೂ ಇಲ್ಲ. ಆದರೆ ದುಂಡು ತಂತಿಯ ಬಿಗಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅದೇ ಲೋಹ, ಅಷ್ಟೇ ಬಾಗು ಎಂದಿಟ್ಟುಕೊಂಡರೆ 014ರ ಬದಲು 016 ಹಾಕಿದಾಗ ಹಲ್ಲಿನ ಮೇಲಿನ ಬಲ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. 012ರಿಂದ 016ಕ್ಕೆ ಹಾರಿದರೆ ಮೂರು ಪಟ್ಟಿಗೂ ಹೆಚ್ಚು. ವ್ಯಾಸ ಎರಡರಷ್ಟಾದರೆ ಬಲ ಹದಿನಾರು ಪಟ್ಟು. ‘ಸ್ವಲ್ಪ ಗಟ್ಟಿಯಾದದ್ದು’ ಎಂದು ನಾನು ಕೇಳಿದ್ದು ಎಷ್ಟು ದೊಡ್ಡ ಬೇಡಿಕೆ ಎಂಬುದು ಈ ಲೆಕ್ಕ ಕಂಡ ಮೇಲೆ ಹೊಳೆಯಿತು.

ಅಷ್ಟು ಬಲ ಬಿದ್ದರೆ ಆಗುವುದೇನು? ಹಲ್ಲು ನೇರವಾಗಿ ಮೂಳೆಗೆ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರವಿದೆ, ಅದರಲ್ಲಿ ರಕ್ತನಾಳಗಳಿವೆ. ಹಗುರಾಗಿ ಒತ್ತಿದಾಗ ಆ ಕಡೆಯ ಮೂಳೆಯನ್ನು ಕರಗಿಸುವ ಜೀವಕೋಶಗಳು ಒಂದೆರಡು ದಿನದಲ್ಲೇ ಕೆಲಸಕ್ಕಿಳಿಯುತ್ತವೆ, ಹಿಂಬದಿಯಲ್ಲಿ ಹೊಸ ಮೂಳೆ ತುಂಬುತ್ತಾ ಬರುತ್ತದೆ. ಜೋರಾಗಿ ಒತ್ತಿದರೆ ಪದರ ಅಪ್ಪಚ್ಚಿಯಾಗಿ ರಕ್ತವೇ ನಿಲ್ಲುತ್ತದೆ, ಅಲ್ಲಿನ ಜೀವಕೋಶಗಳು ಸಾಯುತ್ತವೆ. ಆಮೇಲೆ ದೇಹ ದೂರದಿಂದ ಕೊರೆದುಕೊಂಡು ಬಂದು ಆ ಸತ್ತ ಭಾಗವನ್ನು ತೆಗೆಯಬೇಕು. ಅಷ್ಟು ದಿನ, ಒಂದೆರಡು ವಾರವಾದರೂ, ಹಲ್ಲು ಇದ್ದಲ್ಲೇ ಇರುತ್ತದೆ. ನೋವೂ ಹೆಚ್ಚು, ಬೇರಿನ ತುದಿ ಸವೆಯುವ ಅಪಾಯವೂ ಹೆಚ್ಚು. ಡಾಕ್ಟರು ‘ನಿಂತುಬಿಡುತ್ತೆ’ ಅಂದದ್ದು ಇದನ್ನೇ.

ಹಾಗಾದರೆ ಬೇಕಾದ ಬಲ ಎಷ್ಟು? ಹಲ್ಲನ್ನು ಸ್ವಲ್ಪ ವಾಲಿಸಲು 35ರಿಂದ 60 ಗ್ರಾಂ, ಒಂದು ಕೋಳಿಮೊಟ್ಟೆಯ ತೂಕ. ಬೇರುಸಮೇತ ಇಡೀ ಹಲ್ಲನ್ನು ಪಕ್ಕಕ್ಕೆ ಸರಿಸಲು 70ರಿಂದ 120 ಗ್ರಾಂ. ಉದ್ದ ಕಾಣುವ ಮುಂದಿನ ಹಲ್ಲನ್ನು ಮೂಳೆಯೊಳಕ್ಕೆ ಏರಿಸಲು 10ರಿಂದ 20 ಗ್ರಾಂ ಸಾಕು. ಹತ್ತು ರೂಪಾಯಿಯ ಎರಡು ನಾಣ್ಯಗಳನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, ಅಷ್ಟೇ. ಅಗಿಯುವಾಗ ದವಡೆ ಹಾಕುವ ಬಲದ ಮುಂದೆ ಇದು ಏನೂ ಅಲ್ಲ. ಆದರೆ ಅಗಿಯುವುದು ಕ್ಷಣದ ಕೆಲಸ. ತಂತಿ ಹಗಲೂ ರಾತ್ರಿ ಬಿಡದೆ ಒತ್ತುತ್ತಲೇ ಇರುತ್ತದೆ.

ದಪ್ಪದಷ್ಟೇ ಮುಖ್ಯವಾದದ್ದು ಉದ್ದ. ಎರಡು ಬ್ರಾಕೆಟ್ಟುಗಳ ನಡುವೆ ಬಿಡುವಾಗಿ ಸಿಗುವ ತಂತಿ ಅರ್ಧಕ್ಕಿಳಿದರೆ ಅದರ ಬಿಗಿ ಎಂಟು ಪಟ್ಟಾಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳು ಬಾಯಲ್ಲೇ ಅತಿ ಕಿರಿದಾದವು, ಅಲ್ಲಿ ಬ್ರಾಕೆಟ್ಟುಗಳು ಒತ್ತೊತ್ತಾಗಿ ಕೂರುತ್ತವೆ. ಹೀಗಾಗಿ ಹಿಂದಿನ ಹಲ್ಲುಗಳ ನಡುವೆ ಮೆತ್ತಗಿರುವ ಅದೇ ತಂತಿ ಅಲ್ಲಿ ಬಿಗಿಯಾಗಿ ವರ್ತಿಸುತ್ತದೆ. ಮಗಳು ಮೊದಲ ವಾರ ಕೆಳಗಿನ ಮುಂದಿನ ಹಲ್ಲುಗಳನ್ನೇ ಮುಟ್ಟಿಕೊಂಡು ‘ಇಲ್ಲೇ ನೋವು’ ಎನ್ನುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು. ಹಿಂದಿನ ಕಾಲದ ದಂತವೈದ್ಯರು ಉಕ್ಕಿನ ತಂತಿಯಲ್ಲಿ ಇಕ್ಕಳದಿಂದ ಸಣ್ಣ ಸಣ್ಣ ಕುಣಿಕೆಗಳನ್ನು ಬಗ್ಗಿಸುತ್ತಿದ್ದದ್ದು ಇದಕ್ಕೆ ಪರಿಹಾರವಾಗಿಯೇ. ಇದ್ದ ಜಾಗದಲ್ಲೇ ತಂತಿ ಏರಿ ಇಳಿದು ಬಂದರೆ ಉದ್ದ ಹೆಚ್ಚಿ, ಬಲ ಇಳಿಯುತ್ತದೆ. ಗಂಟೆಗಟ್ಟಲೆ ಕೂತು ಮಾಡುವ ಸೂಕ್ಷ್ಮದ ಕೈಕೆಲಸ ಅದು.

ಆ ಕುಣಿಕೆಗಳನ್ನು ಬಹುಮಟ್ಟಿಗೆ ಮರೆಸಿದ್ದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಲೋಹ. ವಿಲಿಯಂ ಬ್ಯೂಲರ್ ಎಂಬ ಲೋಹತಜ್ಞರು ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ಮಿಶ್ರಲೋಹದ ಮೇಲೆ ಕೆಲಸ ಮಾಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಒಂದು ಸಭೆಯಲ್ಲಿ, ಮಡಚಿದ್ದ ಅದರ ಪಟ್ಟಿಗೆ ಯಾರೋ ಲೈಟರ್ ಹಿಡಿದರು. ಪಟ್ಟಿ ತಾನಾಗಿ ಬಿಚ್ಚಿಕೊಂಡು ನೆಟ್ಟಗಾಯಿತು. 1971ರಲ್ಲಿ ಅಯೋವಾದ ಜಾರ್ಜ್ ಆಂಡ್ರಿಯಾಸೆನ್ ಅದನ್ನು ಹಲ್ಲಿನ ತಂತಿಯಾಗಿ ಪರಿಚಯಿಸಿದರು. ಇಂದಿನ ಡಾಕ್ಟರುಗಳ ಬಾಯಲ್ಲಿ ಅದು ‘ನೈಟೈ’. ಅಷ್ಟೇ ದಪ್ಪದ ಉಕ್ಕಿನ ತಂತಿಯ ಬಿಗಿಯಲ್ಲಿ ಸುಮಾರು ಐದನೇ ಒಂದು ಭಾಗ ಮಾತ್ರ ಇದಕ್ಕೆ. ಅದಕ್ಕಿಂತ ದೊಡ್ಡ ಗುಣವೆಂದರೆ, ಹಲ್ಲು ಸರಿಯುತ್ತಾ ಬಂದಂತೆ ಉಕ್ಕಿನ ಬಲ ಬೇಗ ಕುಸಿಯುತ್ತದೆ, ನೈಟೈಯ ಬಲ ಬಹಳ ದೂರದವರೆಗೆ ಹೆಚ್ಚೂಕಡಿಮೆ ಒಂದೇ ಸಮ ಇರುತ್ತದೆ.

ಡಾಕ್ಟರು ಬಿಚ್ಚಿ ಕೊಟ್ಟ ಮೊದಲ ತಂತಿಯನ್ನು ಮನೆಗೆ ತಂದು, ತೊಳೆದು, ಮಗಳೂ ನಾನೂ ಎರಡು ಲೋಟ ಇಟ್ಟುಕೊಂಡು ಕೂತೆವು. ಒಂದರಲ್ಲಿ ಐಸ್ ನೀರು, ಇನ್ನೊಂದರಲ್ಲಿ ಬಿಸಿನೀರು. ಶಾಖಕ್ಕೆ ಸ್ಪಂದಿಸುವ ಬಗೆಯ ನೈಟೈ ಅದು. ಐಸ್ ನೀರಲ್ಲಿ ಅದ್ದಿ ಬೆರಳಿಗೆ ಸುತ್ತಿದರೆ ಬೈಂಡಿಂಗ್ ವೈರಿನಂತೆ ಮೆತ್ತಗಾಗಿ, ಸುತ್ತಿದ ಹಾಗೇ ನಿಂತಿತು. ಬಿಸಿನೀರಿಗೆ ಹಾಕಿದ ತಕ್ಷಣ ಚಿಮ್ಮಿ ಕಮಾನಾಯಿತು. ‘ಅದಕ್ಕೇ ಅಮ್ಮ ತಣ್ಣೀರು ಕುಡಿದ್ರೆ ನೋವು ಕಮ್ಮಿ ಅನ್ಸೋದು!’ ಎಂದಳು. ಅವಳು ಹೇಳಿದ್ದು ಸರಿಯೇ. ಬಾಯಿ ತಂಪಾದಷ್ಟು ಹೊತ್ತು ಈ ಬಗೆಯ ತಂತಿ ಸಡಿಲಗೊಳ್ಳುತ್ತದೆ.

ಏಳೆಂಟು ತಿಂಗಳಾದ ಮೇಲೆ ದುಂಡು ತಂತಿ ಹೋಗಿ ಚಪ್ಪಟೆ ಮೈಯದು ಬಂತು. 0.019 ಇಂಚು ಎತ್ತರ, 0.025 ಇಂಚು ಆಳ. ಈ ಬದಲಾವಣೆ ಏಕೆಂದು ತಿಳಿಯಲು ಗದ್ದೆಯ ಕೆಸರಲ್ಲಿ ನೆಟ್ಟ ಗೂಟದ ತಲೆಯನ್ನು ತಳ್ಳಿ ನೋಡಿ. ತಲೆ ಮುಂದಕ್ಕೆ ಬಂದರೆ ಕೆಸರೊಳಗಿನ ತುದಿ ಹಿಂದಕ್ಕೆ ಸರಿಯುತ್ತದೆ. ದುಂಡು ತಂತಿ ಹಲ್ಲನ್ನು ಒಳಕ್ಕೋ ಹೊರಕ್ಕೋ ತಳ್ಳಿದಾಗಲೂ ಹಾಗೆಯೇ. ಅದು ಗಾಡಿಯೊಳಗೆ ಉರುಳುತ್ತದೆ, ಕಣ್ಣಿಗೆ ಕಾಣುವ ಭಾಗ ವಾಲುತ್ತದೆ, ಬೇರನ್ನು ಹಿಡಿದು ತಿರುಗಿಸಲು ಅದಕ್ಕೆ ಹಿಡಿತ ಸಿಗದು. ನಾಲ್ಕು ಮೂಲೆಗಳಿರುವ ತಂತಿಯನ್ನು ತಿರುಚಿ ಕೂರಿಸಿದರೆ ಗಾಡಿಯ ಗೋಡೆಗಳಿಗೆ ಅದರ ಮೂಲೆಗಳು ಒತ್ತಿ ಬೇರನ್ನೂ ತಿರುಗಿಸುತ್ತವೆ. ಇದನ್ನು ಸಾಧಿಸಿದವರು ಅಮೆರಿಕದ ಎಡ್ವರ್ಡ್ ಆಂಗಲ್. ಆಯತಾಕಾರದ ತಂತಿಯನ್ನು ಹಲ್ಲಿಗೆ ಚಪ್ಪಟೆಯಾಗಿ ಒರಗಿಸುವ ತಮ್ಮ ಹಳೆಯ ಪದ್ಧತಿಯನ್ನು ಬಿಟ್ಟು, ಅಂಚು ಹಲ್ಲಿನ ಕಡೆಗಿರುವಂತೆ ಅದನ್ನು ತಿರುಗಿಸಿ ಕೂರಿಸಿದರು. ಆ ಬ್ರಾಕೆಟ್ಟಿನ ವಿವರವನ್ನು 1928ರಲ್ಲಿ ಪ್ರಕಟಿಸಿದರು, ಎರಡು ವರ್ಷದ ನಂತರ ತೀರಿಕೊಂಡರು. ಅವರಿಟ್ಟ 0.022 ಇಂಚಿನ ಗಾಡಿಯ ಅಳತೆ ಇಂದಿಗೂ ಬಳಕೆಯಲ್ಲಿದೆ.

ನಮ್ಮೂರಿನ ಬಡಗಿಗಳಿಗೆ ಅಂಚಿನ ಈ ಮಹಿಮೆ ಹೊಸದಲ್ಲ. ಆರು ಇಂಚು ಅಗಲ, ಎರಡು ಇಂಚು ದಪ್ಪದ ಹಲಗೆಯನ್ನು ಮಲಗಿಸಿ ಜಂತೆ ಮಾಡುವವರು ಯಾರೂ ಇಲ್ಲ. ಎದ್ದು ನಿಲ್ಲಿಸಿ ಇಟ್ಟರೆ ಅದೇ ಹಲಗೆ ಬಗ್ಗದೆ ನಿಲ್ಲುವ ಶಕ್ತಿ ಒಂಬತ್ತು ಪಟ್ಟು.

ಆಂಗಲ್ ಅವರ ಶಿಷ್ಯರಲ್ಲೇ ಒಬ್ಬರು, ಆಸ್ಟ್ರೇಲಿಯಾದ ರೇಮಂಡ್ ಬೆಗ್, ಬೇರೆ ದಾರಿ ಹಿಡಿದರು. ತೆಳುವಾದ, ಆದರೆ ಪುಟಿಯುವ ದುಂಡು ಉಕ್ಕಿನ ತಂತಿಯಿಂದಲೇ ಹಗುರ ಬಲದ ಒಂದು ಪದ್ಧತಿ ಕಟ್ಟಿದರು. ಭಾರತದಲ್ಲಿ ಅದಕ್ಕೆ ಬಹಳ ಕಾಲ ಒಳ್ಳೆಯ ನೆಲೆಯಿತ್ತು. ಆ ಪದ್ಧತಿಯನ್ನು ಪರಿಷ್ಕರಿಸಿ ಹೇಳುವ ಪುಸ್ತಕವೊಂದು 2001ರಲ್ಲಿ ನಮ್ಮ ಹುಬ್ಬಳ್ಳಿಯಿಂದಲೇ ಹೊರಬಂತು.

ಇನ್ನು ಕಮಾನಿನ ಅಗಲ. ನೈಟೈ ತಂತಿ ಕಾರ್ಖಾನೆಯಿಂದಲೇ ಆಕಾರ ಪಡೆದು ಬರುತ್ತದೆ: ಮೂತಿ ಚೂಪಾದದ್ದು, ಮೊಟ್ಟೆಯಂತೆ ದುಂಡಗಿನದು, ಮುಂದೆ ಅಗಲವಾದದ್ದು. ಚಿಕಿತ್ಸಾಲಯದಲ್ಲಿ ಅದನ್ನು ಬೇಕಾದಂತೆ ಬಗ್ಗಿಸುವುದು ಸುಲಭವಲ್ಲ, ಪೊಟ್ಟಣದಲ್ಲಿದ್ದ ಆಕಾರವೇ ಬಾಯಿಗೆ ಬರುತ್ತದೆ. ಕಿರಿದಾದ ದವಡೆಗೆ ಅಗಲದ ಕಮಾನು ಹಾಕಿದರೆ ಅದು ಕೋರೆಹಲ್ಲುಗಳನ್ನು ಹೊರಕ್ಕೆ ತಳ್ಳುತ್ತದೆ. ಆ ಕ್ಷಣಕ್ಕೆ ಜಾಗ ಸಿಕ್ಕಿತು ಎನಿಸಿದರೂ, ಕೆಳಗಿನ ಕೋರೆಹಲ್ಲುಗಳ ನಡುವಿನ ಅಂತರ ಕ್ಲಿಪ್ ಬಿಚ್ಚಿದ ಮೇಲೆ ಹಳೆಯ ಅಳತೆಗೇ ಮರಳಲು ನೋಡುತ್ತದೆ. ನಮ್ಮ ಡಾಕ್ಟರು ಉಕ್ಕಿನ ತಂತಿಯನ್ನು ಮಗಳ ಕೆಳದವಡೆಯ ಅಚ್ಚಿನ ಮೇಲಿಟ್ಟು, ಬೆರಳಿಂದ ಸವರುತ್ತಾ ಮೂರು ನಾಲ್ಕು ಸಲ ತಿದ್ದಿದ್ದನ್ನು ನೋಡಿದ್ದೇನೆ. ಹೊರಗೆ ಹತ್ತು ಮಂದಿ ಕಾಯುತ್ತಿದ್ದರೂ ಆ ಐದು ನಿಮಿಷವನ್ನು ಅವರು ಬಿಡಲಿಲ್ಲ.

ಉಳಿದದ್ದು ಎತ್ತರದ ಆ ಕೋರೆಹಲ್ಲು. ಅದನ್ನು ಮೊದಲ ದಿನವೇ ತೆಳು ತಂತಿಗೆ ಕಟ್ಟಿದ್ದರೆ ಏನಾಗುತ್ತಿತ್ತು? ತಂತಿ ಅದನ್ನು ಕೆಳಗೆ ಎಳೆಯುವಷ್ಟೇ ಬಲದಿಂದ ಅಕ್ಕಪಕ್ಕದ ಹಲ್ಲುಗಳನ್ನು ಮೇಲಕ್ಕೆ ಎತ್ತುತ್ತಿತ್ತು. ಕೋರೆಹಲ್ಲು ಇಳಿಯುವ ಹೊತ್ತಿಗೆ ಪಕ್ಕದವು ಏರಿ ಸಾಲೇ ಓರೆಯಾಗುತ್ತಿತ್ತು. ಅದಕ್ಕೇ ಡಾಕ್ಟರು ಕಾದಿದ್ದರು. ಉಳಿದ ಹಲ್ಲುಗಳನ್ನೆಲ್ಲ ಹಿಡಿದು ನಿಲ್ಲಿಸುವ ದಪ್ಪ ಉಕ್ಕಿನ ಕಮಾನು ಬಂದ ಮೇಲೆ, ಅದರ ಮೇಲೆ ಮತ್ತೊಂದು 014 ನೈಟೈ ಹರಿಸಿ ಕೋರೆಹಲ್ಲಿಗೆ ಕಟ್ಟಿದರು. ಹಿಡಿದು ನಿಲ್ಲಲು ಬಿಗಿಯಾದದ್ದು, ಎಳೆಯಲು ಮೆತ್ತಗಿನದು.

ನಾಲ್ಕು ತಿಂಗಳಲ್ಲಿ ಹಲ್ಲು ಸಾಲಿಗೆ ಬಂತು. ಆ ತೆಳು ತಂತಿ ಬಿಚ್ಚಿ ನನ್ನ ಕೈಗಿಟ್ಟರು. ಕಟ್ಟಿದ ದಿನ ಅದು ಕೋರೆಹಲ್ಲಿನ ಹತ್ತಿರ ಬಿಲ್ಲಿನಂತೆ ಮೇಲೆದ್ದಿತ್ತು. ಈಗ ಮೇಜಿನ ಮೇಲಿಟ್ಟರೆ ಉದ್ದಕ್ಕೂ ಮೇಜಿಗೆ ಅಂಟಿಕೊಂಡೇ ಮಲಗಿತು.