ಕಣ್ಣೀರಿನ ತೂಬು ಕಿರಿದಾದಾಗ

ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಮೂಗಿನ ಕಡೆಯ ಮೂಲೆಯ ಹತ್ತಿರ, ರೆಪ್ಪೆಯ ಅಂಚಿನಲ್ಲಿ, ಸೂಜಿಮೊನೆ ಊರಿದಂಥ ಒಂದು ಚುಕ್ಕೆ ಕಾಣುತ್ತದೆ. ಅದೇ ಪಂಕ್ಟಮ್, ಅಂದರೆ ಕಣ್ಣೀರು ಹರಿದುಹೋಗುವ ರಂಧ್ರ. ಅಗಲ ಸುಮಾರು 0.3 ಮಿಲಿಮೀಟರ್. ಮೇಲಿನ ರೆಪ್ಪೆಯಲ್ಲೂ ಇಂಥದ್ದೊಂದಿದೆ.

ಅಳದಿದ್ದರೂ ಕಣ್ಣಲ್ಲಿ ಸದಾ ನೀರು ಒಸರುತ್ತಿರುತ್ತದೆ. ನಾವು ಪ್ರತಿ ಸಲ ರೆಪ್ಪೆ ಬಡಿದಾಗ ಅದು ಈ ರಂಧ್ರಗಳ ಮೂಲಕ ಸಣ್ಣ ನಾಳಕ್ಕೆ, ಅಲ್ಲಿಂದ ಕಣ್ಣೀರ ಚೀಲಕ್ಕೆ, ಕೊನೆಗೆ ಮೂಗಿನೊಳಕ್ಕೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದೂ, ಕಣ್ಣಿಗೆ ಹಾಕಿದ ಔಷಧಿ ಗಂಟಲಲ್ಲಿ ಕಹಿಯಾಗುವುದೂ ಇದರಿಂದಲೇ. ಕೆರೆಗೆ ತೂಬು ಇದ್ದಂತೆ ಕಣ್ಣಿಗೆ ಪಂಕ್ಟಮ್. ತೂಬು ಕಿರಿದಾದರೆ ನೀರು ಏರಿಯ ಮೇಲೆ ಹರಿಯುತ್ತದೆ. ಇಲ್ಲಿ ಕೆನ್ನೆಯ ಮೇಲೆ. ವೈದ್ಯರು ಇದನ್ನು ಪಂಕ್ಟಲ್ ಸ್ಟೆನೋಸಿಸ್ ಎನ್ನುತ್ತಾರೆ. ಸ್ಟೆನೋಸಿಸ್ ಎಂದರೆ ಕಿರಿದಾಗುವುದು.

ಏಕೆ ಹೀಗಾಗುತ್ತದೆ? ವಯಸ್ಸು ಒಂದು ಕಾರಣ. ರೆಪ್ಪೆಯಂಚಿನ ಬಹುದಿನದ ಉರಿಯೂತ, ಅಂದರೆ ಬ್ಲೆಫರೈಟಿಸ್, ಇನ್ನೊಂದು. ಕೆಳರೆಪ್ಪೆ ಸಡಿಲವಾಗಿ ಹೊರಕ್ಕೆ ಮಗುಚಿದರೆ ರಂಧ್ರಕ್ಕೆ ನೀರು ತಾಗದೆ, ಅದು ಒಣಗಿ ಮುಚ್ಚುತ್ತ ಬರುತ್ತದೆ. ಗ್ಲಕೋಮಾಕ್ಕೆ ವರ್ಷಗಟ್ಟಲೆ ಹಾಕುವ ಡ್ರಾಪ್ಸ್‌ನಿಂದಲೂ, ಡೋಸಿಟ್ಯಾಕ್ಸೆಲ್‌ನಂಥ ಕ್ಯಾನ್ಸರ್ ಔಷಧಿಯಿಂದಲೂ ಆಗಬಹುದು. ಹಾಗೆಂದು ಆ ಔಷಧಿಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಕೊಟ್ಟ ವೈದ್ಯರಿಗೆ ಹೇಳಿ, ಅಷ್ಟು ಸಾಕು.

ಈಗ ನಾನು ಒತ್ತಿ ಹೇಳಬೇಕಾದ ಮಾತು. ನೀರು ಸುರಿಯುವ ಕಣ್ಣಿಗೆಲ್ಲ ರಂಧ್ರವೇ ಕಾರಣವಲ್ಲ. ಒಣಗಿದ ಕಣ್ಣು ಕೂಡ ನೀರು ಸುರಿಸುತ್ತದೆ! ಕೇಳಲು ವಿಚಿತ್ರ, ಆದರೆ ನಿಜ. ಕಣ್ಣಿನ ಮೇಲ್ಮೈ ಒಣಗಿ ಉರಿದಾಗ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಬಿಡುತ್ತದೆ. ಅಂಥವರಿಗೆ ವೈದ್ಯರು ಕೆಲವೊಮ್ಮೆ ಇದೇ ರಂಧ್ರಕ್ಕೆ ಸಣ್ಣ ಬಿರಡೆ ಹಾಕಿ ಮುಚ್ಚುವುದುಂಟು. ಒಬ್ಬರಿಗೆ ತೆರೆಯಬೇಕಾದದ್ದನ್ನು ಇನ್ನೊಬ್ಬರಿಗೆ ಮುಚ್ಚಬೇಕು. ಆದ್ದರಿಂದ ಪರೀಕ್ಷೆಗೆ ಮೊದಲು ಚಿಕಿತ್ಸೆಗೆ ಆತುರಪಡಬೇಡಿ.

ಪರೀಕ್ಷೆ ಸರಳ. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ರೆಪ್ಪೆಯನ್ನು ನೋಡುತ್ತಾರೆ. ಫ್ಲೋರೆಸಿನ್ ಎಂಬ ಹಳದಿ ಬಣ್ಣ ಹಾಕಿ, ಐದು ನಿಮಿಷ ಕಳೆದ ಮೇಲೆ ಎಷ್ಟು ಉಳಿದಿದೆ ಎಂದು ಗಮನಿಸುತ್ತಾರೆ. ಬಳಿಕ ಸಿರಿಂಜಿಂಗ್: ಮರಗಟ್ಟಿಸುವ ಡ್ರಾಪ್ಸ್ ಹಾಕಿ, ರಂಧ್ರವನ್ನು ಹಿಗ್ಗಿಸಿ, ಮೊಂಡು ಸೂಜಿಯಿಂದ ಉಪ್ಪುನೀರಿನ ದ್ರಾವಣ ಬಿಡುತ್ತಾರೆ. ಗಂಟಲಿಗೆ ಉಪ್ಪಿನ ರುಚಿ ಬಂದರೆ ಒಳದಾರಿ ತೆರೆದಿದೆ ಎಂದರ್ಥ. ಬರದಿದ್ದರೆ ತಡೆ ಒಳಗೂ ಇರಬಹುದು. ಅದರ ಚಿಕಿತ್ಸೆಯೇ ಬೇರೆ.

ರೆಪ್ಪೆಯ ಉರಿಯೂತವಿದ್ದರೆ ಮೊದಲು ಬಿಸಿ ಬಟ್ಟೆಯ ಕಾವು, ರೆಪ್ಪೆಯಂಚಿನ ಶುಚಿ, ವೈದ್ಯರು ಬರೆದ ಔಷಧಿ. ರಂಧ್ರವನ್ನು ಬರೀ ಹಿಗ್ಗಿಸಿದರೆ ಹಲವರಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಆಗ ಪಂಕ್ಟೊಪ್ಲಾಸ್ಟಿ ಮಾಡುತ್ತಾರೆ: ಆ ಜಾಗ ಮರಗಟ್ಟಿಸಿ, ಪುಟ್ಟ ಕತ್ತರಿಯಿಂದ ರಂಧ್ರದ ಅಂಚು ಕತ್ತರಿಸಿ ಅಗಲ ಮಾಡುವುದು. ಕೆಲವೇ ನಿಮಿಷಗಳ ಕೆಲಸ, ಅದೇ ದಿನ ಮನೆಗೆ. ಮತ್ತೆ ಮುಚ್ಚದಿರಲೆಂದು ಕೆಲವರಿಗೆ ಸಿಲಿಕೋನ್ ಸ್ಟೆಂಟ್, ಅಂದರೆ ಮೆತ್ತನೆಯ ಸಣ್ಣ ಕೊಳವೆ, ಇಟ್ಟು ಕೆಲವು ವಾರಗಳ ನಂತರ ತೆಗೆಯುತ್ತಾರೆ. ರೆಪ್ಪೆ ಮಗುಚಿದ್ದರೆ ಅದನ್ನೂ ಸರಿಪಡಿಸಬೇಕು, ಇಲ್ಲವಾದರೆ ತೆರೆದ ರಂಧ್ರಕ್ಕೆ ನೀರೇ ತಲುಪದು.

ಖರ್ಚು? ಖಾಸಗಿಯಲ್ಲಿ ಸ್ಟೆಂಟ್ ಬೇಕಾದರೆ ಬಿಲ್ಲು ಏರುತ್ತದೆ. ಸ್ಟೆಂಟ್ ಸೇರಿ ಎಷ್ಟು, ತೆಗೆಯಲು ಮತ್ತೆ ಶುಲ್ಕವಿದೆಯೇ ಎಂದು ಮೊದಲೇ ಕೇಳಿ. ಬೆಂಗಳೂರಿನ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆಯಲ್ಲೋ, ನಿಮ್ಮ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದಲ್ಲೋ ವಿಚಾರಿಸಿ. ಬಿಪಿಎಲ್ ಕಾರ್ಡ್ ಜೊತೆಗಿರಲಿ. ರೆಪ್ಪೆ, ಕಣ್ಣೀರ ನಾಳಗಳ ತಜ್ಞರನ್ನು ಆಕ್ಯುಲೋಪ್ಲಾಸ್ಟಿ ವೈದ್ಯರು ಎನ್ನುತ್ತಾರೆ.

ಮೂಗಿನ ಪಕ್ಕ ಊದಿ ಕೆಂಪಾಗಿ ನೋಯುತ್ತಿದ್ದರೆ, ಕೀವು ಬರುತ್ತಿದ್ದರೆ ಅದು ಕಣ್ಣೀರ ಚೀಲದ ಸೋಂಕಿರಬಹುದು. ಅಂದೇ ತೋರಿಸಿ. ಕಣ್ಣಿಗೆ ಜೇನು, ಹರಳೆಣ್ಣೆ ಬಿಡಬೇಡಿ. ವೈದ್ಯರ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಡ್ರಾಪ್ಸ್ ಅಂತೂ ಬೇಡವೇ ಬೇಡ. ಅದು ಕಣ್ಣಿನ ಒತ್ತಡ ಏರಿಸಬಲ್ಲದು. ಆಸ್ಪತ್ರೆಗೆ ಹೋಗುವಾಗ ನೀವು ಬಳಸುವ ಎಲ್ಲ ಡ್ರಾಪ್ಸ್ ಬಾಟಲಿಗಳನ್ನೂ ಒಯ್ಯಿರಿ. ಕಾರಣ ಅವುಗಳಲ್ಲೇ ಒಂದರಲ್ಲಿ ಇದ್ದರೂ ಇರಬಹುದು.